ರಾಷ್ಟ್ರಪತಿಯ ಆಯ್ಕೆಯೂ ಕನ್ನಡನಾಡಿನ ತರುಣಮತವೂ

ಭಾರತದ ರಾಷ್ಟ್ರಪತಿಸ್ಥಾನಕ್ಕೆ ನಡೆದ ಚುನಾವಣೆಗಳಲ್ಲಿ ೧೯೬೯ನೆಯ ಇಸವಿಯದು ಬಹು ವಾದಗ್ರಸ್ತವಾದುದು. ಅದರ ಪ್ರಥಮಾಂಕವು ಬೆಂಗಳೂರಿನಲ್ಲಿ ನಡೆದುದರಿಂದಲೂ, ಸೋತ ಕಡೆಯ ಧುರೀಣತ್ವವು ಕನ್ನಡಿಗರೊಬ್ಬರ ಕೈಯಲ್ಲಿದ್ದುದರಿಂದಲೂ ಅದು ಕನ್ನಡನಾಡಿನ ಚರಿತ್ರೆಗೂ ಸೇರಿದ ವಿಷಯವಾಗಿದೆ. ಪಕ್ಷದ ಹಿರಿಯರು ತಮ್ಮೊಳಗೆ ಗೊತ್ತುಮಾಡಿದ ಅಭ್ಯರ್ಥಿಯನ್ನು ತರುಣಪೀಳಿಗೆಯು ತಿರಸ್ಕರಿಸಿತೆಂದೂ, ಅಂದಿನಿಂದ ಯಜಮಾನಿಕೆಯ ರಾಜಕಾರಣವು ಮುರಿಯಿತೆಂದೂ ಹೇಳುವುದು ರೂಢಿಯಾಗಿದೆ. ಈ ಮಾತಿಗೆ ಆಧಾರವೆಷ್ಟು? ಗದಗ ತಾಲ್ಲೂಕಿನ ಹಿರೇಹಂದಿಗೋಳದಂಥ ಗ್ರಾಮವೊಂದರಲ್ಲಿ ಆಗತಾನೆ ಇಪ್ಪತ್ತೊಂದು ವರ್ಷ ತುಂಬಿದವನಿಗೆ ಆ ಆಯ್ಕೆಯಲ್ಲಿ ನಿಜವಾಗಿ ಎಷ್ಟು ಪಾಲಿತ್ತು? ಅವನ ಮನೋಧರ್ಮವನ್ನು ಇಂದು ತಿಳಿಯಲು ಸಾಧನಗಳಾವುವು? ಈ ಪ್ರಶ್ನೆಗಳನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ದಿಲ್ಲಿಯಿಂದ ಕೆಳಗೆ ನೋಡಿದವರು ಅನೇಕರು; ಗ್ರಾಮದಿಂದ ಮೇಲಕ್ಕೆ ನೋಡಿದರೆ ಅದೇ ಚರಿತ್ರೆಯು ಸ್ವಲ್ಪ ಬೇರೆಯಾಗಿ ಕಾಣುವುದು.

೧. ಎರಡು ಶಬ್ದಗಳ ವಿಚಾರ

ಮೊದಲು ‘ಯುವ’ ಎಂಬ ಶಬ್ದ. ಲೋಕದಲ್ಲಿ ಇದು ವಯಸ್ಸನ್ನು ಸೂಚಿಸುವುದಾದರೂ ವ್ಯಾಕರಣಶಾಸ್ತ್ರದಲ್ಲಿ ಇದಕ್ಕೊಂದು ವಿಶೇಷವಾದ ಸಂಜ್ಞಾರ್ಥವುಂಟು. ಪಾಣಿನಿಯ ಮತದಲ್ಲಿ ವಂಶದ ಹಿರಿಯನು ಬದುಕಿರುವವರೆಗೆ ಮರಿಮಗನೂ ಅವನಿಂದ ಮುಂದಿನವರೂ ‘ಯುವ’ರು, ಅಣ್ಣನು ಬದುಕಿರುವವರೆಗೆ ತಮ್ಮನೂ ಯುವನೇ. ಹಿರಿಯನಿರುವವರೆಗೆ ‘ಗಾರ್ಗ್ಯಾಯಣ’ನೆನಿಸಿದವನು ಹಿರಿಯನು ತೀರಿದ ಬಳಿಕ ‘ಗಾರ್ಗ್ಯ’ನಾಗುತ್ತಾನೆ. ಅವನ ತಲೆ ನರೆತಿದೆಯೋ ಇಲ್ಲವೋ ಎಂಬುದನ್ನು ಶಾಸ್ತ್ರವು ಕೇಳುವುದಿಲ್ಲ. ಯುವತ್ವವು ವರ್ಷಗಳ ಎಣಿಕೆಯಲ್ಲ, ಮೇಲೆ ಒಬ್ಬ ಯಜಮಾನನಿರುವ ಸ್ಥಿತಿ ಎಂಬುದು ಇದರ ತಾತ್ಪರ್ಯ. ರಾಜಕಾರಣದಲ್ಲಿ ‘ತರುಣ’ರೆಂದು ಕರೆಯಿಸಿಕೊಂಡವರನ್ನು ಅರಿಯಲು ಈ ಲಕ್ಷಣವು ಲೌಕಿಕಾರ್ಥಕ್ಕಿಂತ ಹೆಚ್ಚು ಉಪಕಾರಿಯಾಗಿದೆ. ೧೯೬೯ರಲ್ಲಿ ಕಾಂಗ್ರೆಸ್ಸಿನ ‘ಯಂಗ್ ಟರ್ಕ್’ರಲ್ಲಿ ಅಗ್ರಗಣ್ಯರಾದ ಚಂದ್ರಶೇಖರರಿಗೆ ೪೨ ವರ್ಷ. ಹಿರಿಯರು ಮೇಲಿದ್ದುದರಿಂದ ಅವರು ತರುಣರು.

ಎರಡನೆಯದು ‘ರಾಷ್ಟ್ರಪತಿ’ ಶಬ್ದ. ರಾಷ್ಟ್ರಕೂಟರ ತಾಮ್ರಶಾಸನಗಳಲ್ಲಿ ದಾನವನ್ನು ತಿಳಿಯಪಡಿಸುವಾಗ ರಾಷ್ಟ್ರಪತಿ, ವಿಷಯಪತಿ, ಗ್ರಾಮಕೂಟ, ಮಹತ್ತರ ಮೊದಲಾದವರನ್ನು ಕ್ರಮವಾಗಿ ಸಂಬೋಧಿಸುವುದು ವಾಡಿಕೆ. ಅಲ್ಲಿ ರಾಷ್ಟ್ರಪತಿಯೆಂದರೆ ನಾಡಿನ ಒಂದು ವಿಭಾಗದ ಅಧಿಕಾರಿ, ಮಹತ್ತರರೆಂದರೆ ಊರ ಹಿರಿಯರು. ಈ ಪ್ರಾಚೀನ ಶಬ್ದವು ಸ್ವಾತಂತ್ರ್ಯಪೂರ್ವದಲ್ಲಿ ಹೊಸ ಅರ್ಥವನ್ನು ತಾಳಿ ಕಾಂಗ್ರೆಸ್ ಮಹಾಸಭೆಯ ಅಧ್ಯಕ್ಷರ ಬಿರುದಾಯಿತು. ೧೯೫೦ರ ಜನವರಿ ೨೬ರಿಂದ ಅದು ಗಣರಾಜ್ಯದ ಮುಖ್ಯಸ್ಥರಿಗೆ ಸಲ್ಲತೊಡಗಿತು. ಆದುದರಿಂದ ‘ರಾಷ್ಟ್ರಪತಿಯ ಚುನಾವಣೆ’ ಎಂಬುದು ಈ ನಾಡಿನ ತರುಣರಿಗೆ ೧೯೫೦ರಲ್ಲಿ ಮೊದಲ ಬಾರಿ ಕೇಳಿಬಂದ ಮಾತಲ್ಲ. ಹನ್ನೊಂದು ವರ್ಷಗಳ ಹಿಂದೆ ಅಂಥದೊಂದು ಚುನಾವಣೆಯು ದೇಶವನ್ನೆಲ್ಲ ಕಲಕಿತ್ತು.

೨. ನಾಲ್ಕಾಣೆಯ ಮತ: ೧೯೩೯

೧೯೩೯ರ ಜನವರಿ ೨೯ರಂದು ತ್ರಿಪುರಿ ಕಾಂಗ್ರೆಸ್ಸಿನ ಅಧ್ಯಕ್ಷಸ್ಥಾನಕ್ಕೆ ಮತದಾನವು ನಡೆಯಿತು. ಒಂದು ಕಡೆ ಪುನರಾಯ್ಕೆಯನ್ನು ಬಯಸಿದ ಸುಭಾಷಚಂದ್ರ ಬೋಸರು. ಅವರಿಗೆ ೪೨ ವರ್ಷ. ಇನ್ನೊಂದು ಕಡೆ ಮಹಾತ್ಮರ ಮತ್ತು ಕಾರ್ಯಕಾರಿಣಿಯ ಹಿರಿಯರ ಒಲವನ್ನು ಪಡೆದ ೫೮ ವರ್ಷದ ಪಟ್ಟಾಭಿ ಸೀತಾರಾಮಯ್ಯನವರು. ಬೋಸರು ಹಿಂದೆ ಸರಿಯಬೇಕೆಂದು ಕಾರ್ಯಕಾರಿಣಿಯ ಸದಸ್ಯರು ಬಹಿರಂಗವಾದ ಹೇಳಿಕೆಯನ್ನೇ ಕೊಟ್ಟಿದ್ದರು. ಆದರೂ ಬೋಸರು ೧,೫೮೦ ಮತಗಳನ್ನು ಪಡೆದು ೧,೩೭೭ ಮತಗಳನ್ನು ಪಡೆದ ಪಟ್ಟಾಭಿಯವರನ್ನು ಸೋಲಿಸಿದರು. ಕರ್ನಾಟಕ ಪ್ರಾಂತದ ಪ್ರತಿನಿಧಿಗಳಲ್ಲಿ ಬಹುಸಂಖ್ಯಾತರು ಬೋಸರ ಕಡೆಗಿದ್ದರು. ಗಂಗಾಧರರಾವ್ ದೇಶಪಾಂಡೆಯವರಂಥ ಗಾಂಧೀನಿಷ್ಠರ ಮಾತಿಗೆ ಅಪಾರ ಗೌರವವಿದ್ದ ಪ್ರಾಂತದಲ್ಲಿ ಇದು ನಡೆಯಿತೆಂಬುದು ಗಮನಾರ್ಹ.

ಇದಕ್ಕೆ ಹಿನ್ನೆಲೆಯಿಲ್ಲದಿಲ್ಲ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ೧೯೨೩ರ ಕೊನೆಯಲ್ಲಿ ಸ್ಥಾಪಿಸಿದ ಹಿಂದೂಸ್ಥಾನಿ ಸೇವಾದಳವು ತರುಣ ಸ್ವಯಂಸೇವಕರಿಗೆ ಶಿಸ್ತನ್ನು ಕಲಿಸಿತ್ತು. ೧೯೨೪ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ದುಡಿದ ಆ ತರುಣರು ೧೯೩೯ರ ವೇಳೆಗೆ ಪ್ರತಿನಿಧಿಗಳಾಗತಕ್ಕ ವಯಸ್ಸಿಗೆ ಬಂದಿದ್ದರು. ಗದಗ ಸೀಮೆಗಂತೂ ಅಧ್ಯಕ್ಷರನ್ನು ಮತದಿಂದ ಆರಿಸುವ ಕ್ರಮವು ಹೊಸದಾಗಿರಲಿಲ್ಲ. ಇದೇ ತಾಲ್ಲೂಕಿನ ಕಣಗಿನಹಾಳದಲ್ಲಿ ಸಣ್ಣರಾಮನಗೌಡರ ಸಿದ್ದನಗೌಡ ಪಾಟೀಲರು ೧೯೦೫ರಲ್ಲಿ ಆರಂಭಿಸಿದ ಕೃಷಿ ಪತ್ತಿನ ಸಹಕಾರಿ ಸಂಘವು ದೇಶದಲ್ಲಿಯೇ ಮೊದಲನೆಯದು. ಸಾಲ ಕೊಡುವ ಸಂಘಕ್ಕೆ ಯಾರು ಮುಖಂಡರಾಗಬೇಕೆಂಬುದನ್ನು ಸದಸ್ಯರೇ ನಿರ್ಣಯಿಸುವ ಅಭ್ಯಾಸವು ಶಾಸನಸಭೆಯ ಚುನಾವಣೆಗಿಂತ ಮುಂಚೆ ಈ ಹಳ್ಳಿಗಳಿಗೆ ಬಂದಿತು.

ಇಲ್ಲಿ ಒಂದು ಅಂಶವನ್ನು ಅವಶ್ಯವಾಗಿ ಲಕ್ಷಿಸಬೇಕು. ಅಂದಿನ ಕಾಂಗ್ರೆಸ್ಸಿನ ನಿಬಂಧನೆಯಂತೆ ಹದಿನೆಂಟು ವರ್ಷ ತುಂಬಿ ನಾಲ್ಕಾಣೆ ಚಂದಾ ತೆತ್ತ ಯಾರಾದರೂ ಪ್ರಾಥಮಿಕ ಸದಸ್ಯರಾಗಬಹುದಾಗಿತ್ತು. ಆ ಸದಸ್ಯರು ಪ್ರತಿನಿಧಿಗಳನ್ನು ಆರಿಸುವರು, ಪ್ರತಿನಿಧಿಗಳು ರಾಷ್ಟ್ರಪತಿಯನ್ನು ಆರಿಸುವರು. ಸರ್ಕಾರದ ಶಾಸನಸಭೆಗಳಿಗಾದರೋ ೧೯೩೫ರ ಕಾಯಿದೆಯಂತೆ ಆಸ್ತಿ, ಕಂದಾಯ, ವಿದ್ಯೆ ಇವುಗಳ ಯೋಗ್ಯತೆಯಿದ್ದವರಿಗೆ ಮಾತ್ರ ಮತವಿತ್ತು. ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗದ ರೈತನಿಗೆ ಅಷ್ಟಾದರೂ ಉಂಟು. ಸಾಂಗಲಿ ಸಂಸ್ಥಾನದಲ್ಲಿದ್ದ ಶಿರಹಟ್ಟಿಯ, ಮಿರಜ ಸಂಸ್ಥಾನದಲ್ಲಿದ್ದ ಲಕ್ಷ್ಮೇಶ್ವರದ ಪ್ರಜೆಗೆ ಅದೂ ಇಲ್ಲ. ಹೀಗಿರುವಾಗ ಹದಿನೆಂಟರ ಹರೆಯದ ಬಡ ಒಕ್ಕಲಿಗನ ಮಗನೂ ನಾಲ್ಕಾಣೆಯ ಬಲದಿಂದ ‘ರಾಷ್ಟ್ರಪತಿ’ಯ ಆಯ್ಕೆಯ ಏಣಿಯ ಕೆಳಗಣ ಮೆಟ್ಟಿಲನ್ನು ಹತ್ತಬಹುದಾಗಿತ್ತು. ಈ ವಯಸ್ಸಿನವನಿಗೆ ಲೋಕಸಭೆಯ ಮತವು ದೊರೆತದ್ದು ಸರಿಯಾಗಿ ಐವತ್ತು ವರ್ಷಗಳ ಮೇಲೆ.

ಗೆಲವೇನೋ ಬಂದಿತು, ಉಳಿಯಲಿಲ್ಲ. ೧೯೩೯ರ ಮಾರ್ಚಿಯ ತ್ರಿಪುರಿ ಅಧಿವೇಶನದಲ್ಲಿ ಗಾಂಧೀಜಿಯ ಇಚ್ಛಾನುಸಾರವಾಗಿ ಕಾರ್ಯಕಾರಿಣಿಯನ್ನು ರಚಿಸಬೇಕೆಂಬ ನಿರ್ಣಯವು ಸ್ವೀಕೃತವಾಯಿತು. ಏಪ್ರಿಲ್ ೨೯ರಂದು ಬೋಸರು ರಾಜೀನಾಮೆ ಕೊಟ್ಟರು. ಆ ಸ್ಥಾನಕ್ಕೆ ಬಂದವರು ಬಾಬು ರಾಜೇಂದ್ರಪ್ರಸಾದರು. ಅವರೇ ೧೯೫೦ರಲ್ಲಿ ಗಣರಾಜ್ಯದ ಪ್ರಥಮ ರಾಷ್ಟ್ರಪತಿಗಳಾದರೆಂಬುದು ಆ ಬಿರುದಿನ ಎರಡು ಅರ್ಥಗಳಿಗೂ ಒಂದು ಸೇತುವೆ. ಮತವನ್ನು ಗೆಲ್ಲುವುದು ಬೇರೆ, ಮತದಿಂದ ಬಂದ ಅಧಿಕಾರವನ್ನು ಹಿರಿಯರ ಸಮ್ಮತಿಯಿಲ್ಲದೆ ನಡೆಸುವುದು ಬೇರೆ ಎಂಬ ಪಾಠವು ಅಂದಿನ ತರುಣರಿಗೆ ದೊರೆಯಿತು.

೩. ತೂಕವೂ ವಾಕ್ಕೂ

ಸಂವಿಧಾನಸಭೆಯಲ್ಲಿ ರಾಷ್ಟ್ರಪತಿಯನ್ನು ವಯಸ್ಕರೆಲ್ಲರ ನೇರ ಮತದಿಂದ ಆರಿಸಬೇಕೆಂದು ಪ್ರೊ. ಕೆ. ಟಿ. ಷಾ ಅವರು ವಾದಿಸಿದರು. ಆ ಸಲಹೆಯು ನಿಲ್ಲಲಿಲ್ಲ. ನಿಜವಾದ ಅಧಿಕಾರವು ಮಂತ್ರಿಮಂಡಲದಲ್ಲಿರುವಾಗ ಕೋಟ್ಯಂತರ ಜನರ ನೇರ ಮತದಿಂದ ಒಬ್ಬರನ್ನು ಆರಿಸಿ ಅಧಿಕಾರವಿಲ್ಲದೆ ಕೂರಿಸುವುದು ಅಸಂಗತವೆಂಬುದು ಎದುರುಪಕ್ಷದ ಯುಕ್ತಿ. ಅದರಂತೆ ೫೪ ಮತ್ತು ೫೫ನೆಯ ವಿಧಿಗಳು ಪಾರ್ಲಿಮೆಂಟಿನ ಮತ್ತು ರಾಜ್ಯ ವಿಧಾನಸಭೆಗಳ ಚುನಾಯಿತ ಸದಸ್ಯರಿಗೆ ಮಾತ್ರ ಈ ಮತವನ್ನು ಕೊಟ್ಟವು. ಶಾಸಕನ ಮತಕ್ಕೆ ಬೆಲೆ ಕಟ್ಟುವ ಕ್ರಮವು ಸರಳವಾದುದು. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ ಬಂದುದರಲ್ಲಿ ಸಾವಿರಕ್ಕೆ ಒಂದರಂತೆ ಎಣಿಸುವುದು. ೧೯೬೧ರ ಜನಗಣತಿಯಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ ೨,೩೫,೮೬,೭೭೨, ಶಾಸಕರು ೨೧೬. ಆದುದರಿಂದ ೧೯೬೯ರಲ್ಲಿ ಮೈಸೂರಿನ ಒಬ್ಬ ಶಾಸಕನ ಮತದ ಬೆಲೆ ೧೦೯. ಪಾರ್ಲಿಮೆಂಟು ಸದಸ್ಯನ ಮತದ ಬೆಲೆ ಆಗ ೫೭೬.

ಈ ಲೆಕ್ಕದಲ್ಲಿ ಎಣಿಸಲ್ಪಡುವವರು ಮತದಾರರಲ್ಲ, ಜನರು. ತೊಟ್ಟಿಲ ಕೂಸೂ ಒಂದು, ತೊಂಬತ್ತರ ಮುದುಕನೂ ಒಂದು. ಹಾಗಾಗಿ ೧೯೬೯ರಲ್ಲಿ ಹಿರೇಹಂದಿಗೋಳದ ಹದಿನೆಂಟು ವರ್ಷದ ಹುಡುಗನು ಗದಗದ ಶಾಸಕನ ಮತದ ತೂಕವನ್ನು ಹೆಚ್ಚಿಸುತ್ತಿದ್ದನು. ಆ ಶಾಸಕನು ಯಾರಿರಬೇಕೆಂದು ಹೇಳುವ ವಾಕ್ಕು ಮಾತ್ರ ಅವನಿಗಿರಲಿಲ್ಲ. ೩೨೬ನೆಯ ವಿಧಿಯು ಇಪ್ಪತ್ತೊಂದು ವರ್ಷವನ್ನು ವಿಧಿಸಿತ್ತು. ಇಪ್ಪತ್ತೊಂದು ತುಂಬಿದವನಿಗಾದರೂ ಆಗಲೇ ಪಾಲು ದೊರೆಯಿತೇ ಎಂದರೆ ಅದೂ ಇಲ್ಲ. ಮೈಸೂರು ವಿಧಾನಸಭೆಯು ೧೯೬೭ರಲ್ಲಿ ಆಯ್ಕೆಯಾದುದು. ಆ ಚುನಾವಣೆಯ ಮತದಾರಪಟ್ಟಿ ಸಿದ್ಧವಾದ ಮೇಲೆ ವಯಸ್ಸಿಗೆ ಬಂದವರೆಲ್ಲರೂ ೧೯೬೯ರ ರಾಷ್ಟ್ರಪತಿಯ ಆಯ್ಕೆಗೆ ಹೊರಗಿನವರೇ. ರಾಷ್ಟ್ರಪತಿಯನ್ನು ಎಂದಿಗೂ ನಿನ್ನೆಯ ಮತದಾರರು ಆರಿಸಿದವರೇ ಆರಿಸುತ್ತಾರೆ. ಹೊಸ ಪೀಳಿಗೆಯ ಅಭಿಪ್ರಾಯವು ಈ ಸ್ಥಾನವನ್ನು ವಿಳಂಬದಿಂದ ಮಾತ್ರ ಮುಟ್ಟುತ್ತದೆ. ೧೯೬೯ರ ಫಲಿತಾಂಶವನ್ನು ‘ತರುಣರ ತೀರ್ಪು’ ಎನ್ನುವವರು ಈ ವಿಳಂಬವನ್ನು ಮರೆಯುತ್ತಾರೆ.

೪. ಬೆಂಗಳೂರಿನ ನಿರ್ಣಯ: ೧೯೬೯

ಡಾ. ಜಾಕಿರ್ ಹುಸೇನರು ೧೯೬೯ರ ಮೇ ೩ರಂದು ದಿವಂಗತರಾದರು. ಉಪರಾಷ್ಟ್ರಪತಿ ವಿ. ವಿ. ಗಿರಿಯವರು ಆ ಸ್ಥಾನದ ಕಾರ್ಯಭಾರವನ್ನು ವಹಿಸಿಕೊಂಡರು. ೧೯೬೫ರಿಂದ ೧೯೬೭ರವರೆಗೆ ಮೈಸೂರಿನ ರಾಜ್ಯಪಾಲರಾಗಿದ್ದ ಅವರು ಕನ್ನಡಿಗರಿಗೆ ಅಪರಿಚಿತರಲ್ಲ. ಜುಲೈ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ಸೇರಿತು. ಅಧ್ಯಕ್ಷರು ಎಸ್. ನಿಜಲಿಂಗಪ್ಪನವರು. ಜುಲೈ ೧೨ರಂದು ಪಕ್ಷದ ಪಾರ್ಲಿಮೆಂಟರಿ ಮಂಡಲಿಯಲ್ಲಿ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಜಗಜೀವನರಾಮರ ಹೆಸರನ್ನು ಸೂಚಿಸಿದರು. ಬಹುಮತವು ಲೋಕಸಭೆಯ ಅಧ್ಯಕ್ಷರಾಗಿದ್ದ ನೀಲಂ ಸಂಜೀವರೆಡ್ಡಿಯವರ ಪರವಾಗಿತ್ತು. ಕಾಮರಾಜ, ಎಸ್. ಕೆ. ಪಾಟೀಲ, ನಿಜಲಿಂಗಪ್ಪ ಮೊದಲಾದ ಹಿರಿಯರ ಕೂಟಕ್ಕೆ ವೃತ್ತಪತ್ರಿಕೆಗಳು ಇಟ್ಟ ‘ಸಿಂಡಿಕೇಟ್’ ಎಂಬ ಹೆಸರು ಈ ವೇಳೆಗೆ ಕನ್ನಡದಲ್ಲಿಯೂ ಬಳಕೆಗೆ ಬಂದಿತ್ತು.

ಮುಂದಿನ ಘಟನೆಗಳು ವೇಗವಾಗಿ ನಡೆದವು. ಗಿರಿಯವರು ಸ್ವತಂತ್ರವಾಗಿ ಸ್ಪರ್ಧಿಸುವುದಾಗಿ ಸಾರಿದರು. ಜುಲೈ ೧೬ರಂದು ಮೊರಾರ್ಜಿ ದೇಸಾಯಿಯವರಿಂದ ಅರ್ಥಖಾತೆಯನ್ನು ಹಿಂತೆಗೆದುಕೊಳ್ಳಲಾಯಿತು. ೧೯ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕೃತವಾದವು. ನಿಜಲಿಂಗಪ್ಪನವರು ರೆಡ್ಡಿಯವರಿಗಾಗಿ ಜನಸಂಘ ಮತ್ತು ಸ್ವತಂತ್ರ ಪಕ್ಷದವರ ದ್ವಿತೀಯ ಪ್ರಾಶಸ್ತ್ಯದ ಮತಗಳನ್ನು ಕೋರಿದುದು ಪಕ್ಷದೊಳಗೆ ದೊಡ್ಡ ಆಕ್ಷೇಪಕ್ಕೆ ಕಾರಣವಾಯಿತು. ಸದಸ್ಯರು ‘ಆತ್ಮಸಾಕ್ಷಿ’ಗೆ ಅನುಸಾರವಾಗಿ ಮತವೀಯಬೇಕೆಂಬ ಕೂಗೆದ್ದಿತು. ಆಗಸ್ಟ್ ೧೬ರಂದು ಮತದಾನ, ೨೦ರಂದು ಎಣಿಕೆ. ಪ್ರಥಮ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ ೪,೦೧,೫೧೫, ರೆಡ್ಡಿಯವರಿಗೆ ೩,೧೩,೫೪೮, ಜನಸಂಘ-ಸ್ವತಂತ್ರ ಪಕ್ಷಗಳ ಬೆಂಬಲ ಪಡೆದ ಚಿ. ದ್ವಾ. ದೇಶಮುಖರಿಗೆ ೧,೧೨,೭೬೯. ಗೆಲವಿಗೆ ಬೇಕಾದುದು ೪,೧೮,೧೬೯. ದ್ವಿತೀಯ ಪ್ರಾಶಸ್ತ್ಯಗಳನ್ನು ಕೂಡಿಸಿದ ಬಳಿಕ ಗಿರಿಯವರು ೪,೨೦,೦೭೭ನ್ನೂ ರೆಡ್ಡಿಯವರು ೪,೦೫,೪೨೭ನ್ನೂ ಪಡೆದರು. ಪ್ರಥಮ ಎಣಿಕೆಯಲ್ಲಿ ಇತ್ಯರ್ಥವಾಗದೆ ದ್ವಿತೀಯ ಪ್ರಾಶಸ್ತ್ಯಕ್ಕೆ ಹೋದ ರಾಷ್ಟ್ರಪತಿಯ ಚುನಾವಣೆಯು ಇದೊಂದೇ.

ಇಲ್ಲಿ ವಯಸ್ಸುಗಳನ್ನು ನೋಡಬೇಕು. ಗಿರಿಯವರು ೧೮೯೪ರಲ್ಲಿ ಜನಿಸಿದವರು, ಆಗ ೭೫ ತುಂಬಿತ್ತು. ರೆಡ್ಡಿಯವರು ೧೯೧೩ರಲ್ಲಿ ಜನಿಸಿದವರು, ೫೬ ವರ್ಷ. ‘ತರುಣರ ಪಕ್ಷ’ದವರ ಅಭ್ಯರ್ಥಿಯು ‘ಹಿರಿಯರ ಪಕ್ಷ’ದ ಅಭ್ಯರ್ಥಿಗಿಂತ ಹತ್ತೊಂಬತ್ತು ವರ್ಷ ಹಿರಿಯರು! ಅಂದಮೇಲೆ ವಿವಾದವು ಅಭ್ಯರ್ಥಿಯ ವಯಸ್ಸಿನದಲ್ಲ. ಅಭ್ಯರ್ಥಿಯನ್ನು ಯಾರು, ಯಾವ ಕ್ರಮದಿಂದ, ಯಾರನ್ನು ಕೇಳಿ ಗೊತ್ತುಮಾಡಿದರೆಂಬುದೇ ವಿವಾದ. ಯುವತ್ವವೆಂದರೆ ಯಜಮಾನನ ಕೆಳಗಿರುವ ಸ್ಥಿತಿಯೆಂಬ ವೈಯಾಕರಣರ ಲಕ್ಷಣವು ಇಲ್ಲಿ ಸಂಪೂರ್ಣವಾಗಿ ಅನ್ವಯಿಸುತ್ತದೆ. ಎಪ್ಪತ್ತೈದರ ಗಿರಿಯವರು ಯಜಮಾನಮಂಡಲಿಯ ಮಾತನ್ನು ಮೀರಿ ನಿಂತುದರಿಂದ ತರುಣರಿಗೆ ತಮ್ಮವರಾಗಿ ಕಂಡರು.

೫. ಎರಡು ವರ್ಷ ತಡವಾಗಿ ಬಂದ ಉತ್ತರ

೧೯೬೯ರ ನವೆಂಬರಿನಲ್ಲಿ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಿದ ಮೇಲೆ ಕಾಂಗ್ರೆಸ್ಸು ಇಬ್ಭಾಗವಾಯಿತು. ಮೈಸೂರಿನಲ್ಲಿ ವೀರೇಂದ್ರ ಪಾಟೀಲರ ಸರ್ಕಾರವು ನಿಜಲಿಂಗಪ್ಪನವರ ಕಡೆಯಲ್ಲಿ, ಸಂಸ್ಥಾ ಕಾಂಗ್ರೆಸ್ಸಿನಲ್ಲಿ, ಉಳಿಯಿತು. ಬೂತುಗಳು, ಸಮಿತಿಗಳು, ಸರ್ಕಾರ, ಹೆಸರಾಂತ ನಾಯಕರು ಎಲ್ಲವೂ ಹಿರಿಯರ ಕಡೆ. ಹೀಗಿದ್ದೂ ೧೯೭೧ರ ಮಾರ್ಚಿಯ ಲೋಕಸಭಾ ಚುನಾವಣೆಯಲ್ಲಿ ಮೈಸೂರಿನ ೨೭ ಸ್ಥಾನಗಳಲ್ಲಿ ೨೭ನ್ನೂ ಇಂದಿರಾ ಗಾಂಧಿಯವರ ಪಕ್ಷವೇ ಪಡೆಯಿತು. ವೀರೇಂದ್ರ ಪಾಟೀಲರ ಸರ್ಕಾರವು ಬಿದ್ದಿತು. ೧೯೭೨ರ ವಿಧಾನಸಭಾ ಚುನಾವಣೆಯಲ್ಲಿ ೨೧೬ರಲ್ಲಿ ೧೬೫ ಸ್ಥಾನಗಳು ಆ ಪಕ್ಷಕ್ಕೆ, ೨೪ ಮಾತ್ರ ಸಂಸ್ಥಾ ಕಾಂಗ್ರೆಸ್ಸಿಗೆ ಬಂದವು. ದೇವರಾಜ ಅರಸರು ಮುಖ್ಯಮಂತ್ರಿಗಳಾದರು. ಗದಗದಿಂದ ಸಹಕಾರ ಸಂಸ್ಥೆಗಳಲ್ಲಿ ಬೆಳೆದ ಹುಲಕೋಟಿಯ ಕೆ. ಎಚ್. ಪಾಟೀಲರು ಗೆದ್ದರು. ಬೆಂಗಳೂರಿನ ನಿರ್ಣಯಕ್ಕೆ ನಾಡು ಕೊಟ್ಟ ಉತ್ತರವು ಇದು. ಅದು ರಾಷ್ಟ್ರಪತಿಯ ಚುನಾವಣೆಯಲ್ಲಿ ಬರಲಿಲ್ಲ, ಕೈಗೆ ಸಿಕ್ಕ ಮುಂದಿನ ಮತಪತ್ರದಲ್ಲಿ ಬಂದಿತು.

ಹಿರಿಯರನ್ನು ಹಳಿಯುವುದು ಸುಲಭ. ಚರಿತ್ರಕಾರನಿಗೆ ಅದು ತರವಲ್ಲ. ನಿಜಲಿಂಗಪ್ಪನವರು ಏಕೀಕರಣದ ಹೋರಾಟದಲ್ಲಿ ಮುಂದಾಳುಗಳಾಗಿ, ೧೯೫೬ರ ನವೆಂಬರ್ ೧ರಂದು ಏಕೀಕೃತ ರಾಜ್ಯದ ಪ್ರಥಮ ಮುಖ್ಯಮಂತ್ರಿಗಳಾದವರು. ರೋಣ ಸೀಮೆಯ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರೂ ಹುಬ್ಬಳ್ಳಿ ಬಳಿಯ ಅದರಗುಂಚಿಯ ಶಂಕರಗೌಡ ಪಾಟೀಲರೂ ೧೯೫೩ರಲ್ಲಿ ಕೈಕೊಂಡ ಉಪವಾಸಗಳನ್ನು ಕಂಡ ಪೀಳಿಗೆಗೆ ಆ ಮಂಡಲಿಯ ಮೇಲೆ ಋಣಭಾವವಿತ್ತು. ಆದರೆ ೧೯೭೧ರಲ್ಲಿ ಮೊದಲ ಬಾರಿ ಮತವಿತ್ತ ಇಪ್ಪತ್ತೊಂದು ವರ್ಷದವನು ಹುಟ್ಟಿದ್ದು ಸುಮಾರು ೧೯೫೦ರಲ್ಲಿ. ಉಪವಾಸಗಳು ನಡೆದಾಗ ಅವನು ಮೂರು ವರ್ಷದ ಕೂಸು. ಏಕೀಕರಣವಾದಾಗ ಆರು ವರ್ಷದ ಬಾಲಕ. ಏಕೀಕೃತ ನಾಡು ಅವನಿಗೆ ಗೆದ್ದುಕೊಂಡ ವಸ್ತುವಲ್ಲ, ಹುಟ್ಟಿನಿಂದ ಬಂದ ನೆಲ. ಹಿರಿಯರ ಸೇವೆಯು ಅವನಿಗೆ ಪಾಠಪುಸ್ತಕದ ಸಂಗತಿ, ಅವರ ಅಧಿಕಾರವಾದರೋ ಕಣ್ಣೆದುರಿನ ಸಂಗತಿ. ಯಜಮಾನಿಕೆಯು ನಿಲ್ಲುವುದು ಉಪಕಾರಸ್ಮರಣೆಯ ಮೇಲೆ. ಸ್ಮರಣೆಯು ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ಆಸ್ತಿಯಂತೆ ಇಳಿದುಬರುವುದಿಲ್ಲ. ಈ ಸತ್ಯವನ್ನು ಹಿರಿಯರು ಎಣಿಕೆಗೆ ತೆಗೆದುಕೊಳ್ಳದೆಹೋದರು.

ಸಾಹಿತ್ಯದಲ್ಲಿಯೂ ಇದಕ್ಕೆ ಸಾಕ್ಷ್ಯ ದೊರೆಯುವುದು. ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಅಧಿಕಾರದ ಹೊರಗಿದ್ದುಕೊಂಡೇ ವಿಧಾನಸಭೆಯಲ್ಲಿ ಆಳುವವರನ್ನು ಪ್ರಶ್ನಿಸುತ್ತ ಬಂದರು. ಯು. ಆರ್. ಅನಂತಮೂರ್ತಿ, ಪಿ. ಲಂಕೇಶ, ಪೂರ್ಣಚಂದ್ರ ತೇಜಸ್ವಿ ಮೊದಲಾದ ಅಂದಿನ ಕಿರಿಯ ಲೇಖಕರ ಮೇಲೆ ಗೋಪಾಲಗೌಡರ ಮತ್ತು ಲೋಹಿಯಾ ಅವರ ವಿಚಾರಗಳ ಪ್ರಭಾವವಿತ್ತೆಂಬುದು ಪ್ರಸಿದ್ಧ. ೧೯೭೨ರಲ್ಲಿ ಗೋಪಾಲಗೌಡರು ತೀರಿಕೊಂಡರು. ೧೯೭೮ರಲ್ಲಿ ಪ್ರಕಟವಾದ ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ನಾಯಕನಲ್ಲಿ ಅವರ ಜೀವನದ ಛಾಯೆಯನ್ನು ವಿಮರ್ಶಕರು ಗುರುತಿಸಿದ್ದಾರೆ. ಅಧಿಕಾರಕ್ಕೆ ಬಂದವನು ತನ್ನನ್ನು ತಾನು ಉಳಿಸಿಕೊಳ್ಳಬಲ್ಲನೇ ಎಂಬುದು ಆ ಪೀಳಿಗೆಯ ಮುಖ್ಯ ಚಿಂತೆಯಾಗಿತ್ತು. ಅವರ ಅತೃಪ್ತಿಯು ಸಿಂಡಿಕೇಟಿನಲ್ಲಿ ನಿಲ್ಲದೆ, ಗೆದ್ದವರ ಮೇಲೂ ಹರಿಯಿತು.

೬. ಪ್ರಮಾಣವಿಚಾರ

‘ತರುಣರು ಹೆಚ್ಚಿದರು, ಹಿರಿಯರು ಸೋತರು, ಆದುದರಿಂದ ತರುಣರೇ ಸೋಲಿಸಿದರು’ ಎಂಬ ಅನುಮಾನವನ್ನು ಈಗ ಪರೀಕ್ಷಿಸಬಹುದು. ದೇಶದ ಮತದಾರರು ೧೯೬೭ರಲ್ಲಿ ಸುಮಾರು ೨೫ ಕೋಟಿ, ೧೯೭೧ರಲ್ಲಿ ೨೭ ಕೋಟಿಗೆ ಮೇಲ್ಪಟ್ಟು ಇದ್ದರು. ಹೊಸಬರು ಸೇರಿದುದು ದಿಟ. ಆದರೆ ಮತಪತ್ರದ ಮೇಲೆ ವಯಸ್ಸು ಬರೆದಿರುವುದಿಲ್ಲ. ಗೂಢಮತದಲ್ಲಿ ಪ್ರತ್ಯಕ್ಷಪ್ರಮಾಣಕ್ಕೆ ಅವಕಾಶವೇ ಇಲ್ಲ. ಇಪ್ಪತ್ತೇಳರಲ್ಲಿ ಇಪ್ಪತ್ತೇಳು ಸ್ಥಾನಗಳನ್ನು ಒಂದು ಪಕ್ಷವು ಪಡೆಯಬೇಕಾದರೆ ನಡುವಯಸ್ಸಿನವರೂ ಮುದುಕರೂ ಬಹುಸಂಖ್ಯೆಯಲ್ಲಿ ಅದರ ಕಡೆಗೆ ತಿರುಗಿರಬೇಕು. ಬಡತನವನ್ನು ತೊಲಗಿಸುವೆವೆಂಬ ಘೋಷಣೆಯೂ ಬ್ಯಾಂಕುಗಳ ರಾಷ್ಟ್ರೀಕರಣವೂ ಎಲ್ಲ ವಯಸ್ಸಿನವರನ್ನೂ ಸೆಳೆದವು.

ಎರಡನೆಯದಾಗಿ, ಹೇತುವು ವ್ಯಭಿಚಾರದೋಷಕ್ಕೆ ಒಳಗಾಗಿದೆ. ೧೯೮೯ರ ಮಾರ್ಚ್ ೨೮ರಿಂದ ಜಾರಿಗೆ ಬಂದ ಸಂವಿಧಾನದ ೬೧ನೆಯ ತಿದ್ದುಪಡಿಯು ಮತದಾನದ ವಯಸ್ಸನ್ನು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಸಿತು. ಸ್ಥಳೀಯ ಸಂಸ್ಥೆಗಳಿಗೆ ಹಲವು ರಾಜ್ಯಗಳು ಅದಕ್ಕೆ ಮೊದಲೇ ಇದನ್ನು ಮಾಡಿದ್ದವು. ಆ ವರ್ಷದ ನವೆಂಬರಿನ ಚುನಾವಣೆಯಲ್ಲಿ ದೇಶದ ಮತದಾರರು ೪೯ ಕೋಟಿಗೆ ಮೇಲ್ಪಟ್ಟಿದ್ದರು. ಒಂದೇ ಸಲಕ್ಕೆ ಅಷ್ಟು ತರುಣರು ಹಿಂದೆಂದೂ ಮತದಾರಪಟ್ಟಿಗೆ ಸೇರಿರಲಿಲ್ಲ. ಕರ್ನಾಟಕದಲ್ಲಿ ಫಲವೇನಾಯಿತು? ವಿಧಾನಸಭೆಯ ೨೨೪ರಲ್ಲಿ ೧೭೮ ಸ್ಥಾನಗಳನ್ನು ಕಾಂಗ್ರೆಸ್ಸು ಗೆದ್ದಿತು. ಮುಖ್ಯಮಂತ್ರಿಗಳಾದವರು ವೀರೇಂದ್ರ ಪಾಟೀಲರು! ೧೯೭೧ರಲ್ಲಿ ಹಿರಿಯರ ಪಕ್ಷದೊಡನೆ ಪದಚ್ಯುತರಾದವರೇ ಹದಿನೆಂಟು ವರ್ಷಗಳ ಮೇಲೆ, ಹದಿನೆಂಟು ವರ್ಷದವರು ಮೊದಲು ಮತವಿತ್ತ ಚುನಾವಣೆಯಲ್ಲಿ, ಅಧಿಕಾರಕ್ಕೆ ಮರಳಿದರು. ತರುಣರ ಸಂಖ್ಯಾವೃದ್ಧಿಯು ಹಿರಿಯರ ಪತನಕ್ಕೆ ನಿಯತಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ಜನತಾದವರ ಒಳಜಗಳವೇ ಮೊದಲಾದ ಕಾರಣಗಳು ಅಲ್ಲಿಯೂ ಇದ್ದವೆಂಬುದು ನಿಜ. ಆ ಕಾರಣದಿಂದಲೇ ವಯಸ್ಸೊಂದರಿಂದ ಫಲವನ್ನು ಊಹಿಸುವುದು ಸಲ್ಲದು.

ಅಭ್ಯರ್ಥಿಯ ವಿಷಯದಲ್ಲಿಯೂ ಇದೇ ಮಾತು. ೧೯೬೯ರಲ್ಲಿ ತಿರಸ್ಕೃತರಾದ ಸಂಜೀವರೆಡ್ಡಿಯವರು ೧೯೭೭ರ ಜುಲೈಯಲ್ಲಿ ಅವಿರೋಧವಾಗಿ ರಾಷ್ಟ್ರಪತಿಗಳಾದರು. ಕನ್ನಡನಾಡಿಗೆ ಹೊಂದಿಕೊಂಡ ಅನಂತಪುರ ಸೀಮೆಯವರಾದ ಅವರು ಅಧಿಕಾರವನ್ನು ವಹಿಸಿಕೊಂಡದ್ದು ಜಮಖಂಡಿಯ ಬಿ. ಡಿ. ಜತ್ತಿಯವರಿಂದ; ಫಕ್ರುದ್ದೀನ್ ಅಲಿ ಅಹಮದರು ೧೯೭೭ರ ಫೆಬ್ರವರಿ ೧೧ರಂದು ತೀರಿಕೊಂಡ ಬಳಿಕ ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾಗಿದ್ದರು. ‘ಯಂಗ್ ಟರ್ಕ್’ ಚಂದ್ರಶೇಖರರು ಆಗ ಜನತಾಪಕ್ಷದ ಅಧ್ಯಕ್ಷರು. ಎಂಟು ವರ್ಷಗಳ ಹಿಂದೆ ಯಾವ ಹೆಸರನ್ನು ಎದುರಿಸಿದ್ದರೋ ಅದೇ ಹೆಸರನ್ನು ಅವರ ಪಕ್ಷವೇ ಮುಂದಿಟ್ಟಿತು. ಮನುಷ್ಯನು ಬದಲಾಗಿರಲಿಲ್ಲ, ಹೆಸರು ಹೊರಟ ಬಾಗಿಲು ಬೇರೆಯಾಗಿತ್ತು.

೭. ಉಪಸಂಹಾರ

ಮೇಲಿನ ವಿಚಾರದಿಂದ ತಿಳಿದುಬರುವುದಿಷ್ಟು. ೧೯೩೯, ೧೯೬೯ ಈ ಎರಡು ಸಂದರ್ಭಗಳಲ್ಲಿಯೂ ಹಿರಿಯರ ಮಂಡಲಿಯು ಮೊದಲೇ ಗೊತ್ತುಮಾಡಿದ ಅಭ್ಯರ್ಥಿಯು ಸೋತನು. ತರುಣರಿಗೆ ನೇರವಾದ ಮತವು ಎರಡರಲ್ಲಿಯೂ ಇರಲಿಲ್ಲ. ೧೯೬೯ರ ಬಳಿಕ ಅವರ ಮನೋಧರ್ಮವು ಮುಂದಿನ ಚುನಾವಣೆಯಲ್ಲಿ, ಇತರರ ಮತದೊಡನೆ ಬೆರೆತು ಪ್ರಕಟವಾಯಿತು. ಆ ಮನೋಧರ್ಮವನ್ನು ವೃದ್ಧದ್ವೇಷವೆನ್ನುವುದಕ್ಕೆ ಆಧಾರವಿಲ್ಲ. ಎಪ್ಪತ್ತೈದರ ಗಿರಿಯವರೂ ೧೯೮೯ರ ವೀರೇಂದ್ರ ಪಾಟೀಲರೂ ಅದಕ್ಕೆ ಪ್ರತ್ಯುದಾಹರಣೆಗಳು. ಕೇಳದೆ ನಿರ್ಣಯಿಸುವ ಹಿರಿತನವನ್ನು ಅದು ಒಪ್ಪಲಿಲ್ಲವೆಂಬಷ್ಟನ್ನು ಮಾತ್ರ ಹೇಳಬಹುದು.

ಇನ್ನೊಂದು ಸಂಗತಿಯು ವಿದ್ವಾಂಸರ ವಿಶೇಷ ಗಮನಕ್ಕೆ ಅರ್ಹವಾಗಿದೆ. ೧೯೭೬ರ ೪೨ನೆಯ ತಿದ್ದುಪಡಿಯು ರಾಷ್ಟ್ರಪತಿಯ ಚುನಾವಣೆಯ ಲೆಕ್ಕಕ್ಕೆ ೧೯೭೧ರ ಜನಗಣತಿಯನ್ನೇ ಸ್ಥಿರಗೊಳಿಸಿತು. ೨೦೦೧ರ ೮೪ನೆಯ ತಿದ್ದುಪಡಿಯು ಅದನ್ನು ೨೦೨೬ರ ಅನಂತರದ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವವರೆಗೆ ಮುಂದುವರಿಸಿತು. ಆದುದರಿಂದ ದ್ರೌಪದಿ ಮುರ್ಮು ಅವರು ಆಯ್ಕೆಯಾದ ೨೦೨೨ರ ಚುನಾವಣೆಯಲ್ಲಿಯೂ ಕರ್ನಾಟಕದ ಶಾಸಕನ ಮತದ ಬೆಲೆ ೧೯೭೧ರ ೨,೯೨,೯೯,೦೧೪ ಜನರ ಲೆಕ್ಕದಂತೆ ೧೩೧. ೨೦೧೧ರ ೬,೧೦,೯೫,೨೯೭ ಜನರ ಮೇಲೆ ಅದೇ ಸೂತ್ರವನ್ನು ಪ್ರಯೋಗಿಸಿದರೆ ಅದು ೨೭೩ ಆಗುವುದು. ೧೯೬೯ರಲ್ಲಿ ಹದಿನೆಂಟರ ಹುಡುಗನಿಗೆ ತೂಕವಿತ್ತು, ವಾಕ್ಕಿರಲಿಲ್ಲ. ೧೯೮೯ರಲ್ಲಿ ವಾಕ್ಕು ಬಂದಿತು. ಆದರೆ ೧೯೭೧ರ ಗಣತಿಯ ಬಳಿಕ ಹುಟ್ಟಿದವರು ಯಾರೂ ಈ ಲೆಕ್ಕದ ತೂಕದಲ್ಲಿ ಸೇರಿಲ್ಲ. ಹೀಗೆ ಗಣರಾಜ್ಯದ ಅತ್ಯುನ್ನತ ಸ್ಥಾನದ ಆಯ್ಕೆಯಲ್ಲಿ ಹದಿನೆಂಟರ ತರುಣನಿಗೆ ತೂಕವೂ ವಾಕ್ಕೂ ಏಕಕಾಲದಲ್ಲಿ ಒದಗಿದ್ದಿಲ್ಲ. ತರುಣರು ರಾಷ್ಟ್ರಪತಿಯ ಚುನಾವಣೆಯಲ್ಲಿ ಉದಾಸೀನರೆಂದು ದೂರುವವರು ಮೊದಲು ಈ ಲೆಕ್ಕವನ್ನು ನೋಡಬೇಕು.

ಹಿರೇಹಂದಿಗೋಳಕ್ಕೆ ಅನತಿದೂರದ ಲಕ್ಷ್ಮೇಶ್ವರದಲ್ಲಿ, ಅಂದರೆ ಪ್ರಾಚೀನ ಪೊರಿಗೆರೆಯಲ್ಲಿ, ಕ್ರಿ. ಶ. ಎಂಟನೆಯ ಶತಮಾನದ ಆದಿಭಾಗದ ಒಂದು ಕನ್ನಡ ಶಾಸನವಿದೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಅಲ್ಲಿಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆಯದು. ರಾಜಪುರುಷರು ಊರಿಗೆ ನಡೆಸಿಕೊಡಬೇಕಾದುದನ್ನೂ ಊರವರು ಅರಸನಿಗೆ ಸಲ್ಲಿಸಬೇಕಾದುದನ್ನೂ ಅದು ಒಂದೇ ಕಲ್ಲಿನಲ್ಲಿ ವಿಧಿಸುತ್ತದೆ. ಕೊಟ್ಟವನು ಯುವರಾಜ, ಪಡೆದವರಲ್ಲಿ ಮೊದಲಿಗರು ಮಹಾಜನರು. ಎರಡು ಕಡೆಯವರೂ ಅದಕ್ಕೆ ಬದ್ಧರು. ಪೀಳಿಗೆಗಳ ನಡುವೆ ಇರಬೇಕಾದ ವ್ಯವಸ್ಥೆಗೆ ಇದಕ್ಕಿಂತ ಸಮೀಪದ ನಿದರ್ಶನವನ್ನು ಈ ಸೀಮೆಯವರು ಹುಡುಕಬೇಕಾಗಿಲ್ಲ. ೨೦೨೬ರ ಅನಂತರದ ಗಣತಿಯು ಲೆಕ್ಕವನ್ನು ಹೊಸದಾಗಿ ಮಾಡುವಾಗ ತೂಕವೂ ವಾಕ್ಕೂ ಒಂದಾಗುವ ಸಂದರ್ಭವು ಬರುವುದು. ಆಗ ತರುಣಮತದ ಸ್ವರೂಪವನ್ನು ನಿರ್ಣಯಿಸಲು ಮುಂದಿನ ಸಂಶೋಧಕರಿಗೆ ಇಂದಿಗಿಂತ ಬಲವಾದ ಪ್ರಮಾಣವು ದೊರೆಯಬಹುದು.